ಲೈಟ್ ಹಾಕಿಕೊಂಡೇ ಮಲಗುವ ಹುಡುಗ

ಪ್ರಶ್ನೆ: ನನ್ನ ಅಕ್ಕನ ಮಗನಿಗೆ ಈಗ ಇಪ್ಪತ್ತು ವರ್ಷ. ಭಾವ ವಿಪರೀತ ಕುಡಿಯುತ್ತಿದ್ದರು. ಕುಡಿದು ಬಂದ ದಿನ ಅಕ್ಕನನ್ನೂ ಹುಡುಗನನ್ನೂ ಹೊಡೆಯುತ್ತಿದ್ದರು. ಹುಡುಗ ಒಂಬತ್ತು ವರ್ಷದವನಿದ್ದಾಗ, ದೀಪಾವಳಿಯ ಮರುದಿನ ತೀರಿಕೊಂಡರು. ಆಮೇಲೆ ಅವನನ್ನು ಹಾಸ್ಟೆಲಿಗೆ ಸೇರಿಸಿದೆವು. ಎರಡೇ ವರ್ಷಕ್ಕೆ ಅಲ್ಲಿಂದ ಓಡಿ ಬಂದ. ಏಕೆಂದು ಇವತ್ತಿಗೂ ಹೇಳಿಲ್ಲ. ಹೈಸ್ಕೂಲಿನಲ್ಲಿ ಗುಟ್ಕಾ, ವೈಟ್ನರ್, ಪಿಯುಸಿ ಹೊತ್ತಿಗೆ ಗಾಂಜಾ, ಈಗ ದಿನವೂ ಕುಡಿತ. ಮೂರು ಬಾರಿ ವ್ಯಸನಮುಕ್ತಿ ಕೇಂದ್ರಗಳಿಗೆ ಸೇರಿಸಿದ್ದೇವೆ. ಎರಡನೆಯ ಕಡೆ ಹೊಡೆಯುತ್ತಿದ್ದರಂತೆ. ಹೊರಗೆ ಬಂದ ಮೇಲೆ ಒಂದೆರಡು ತಿಂಗಳು ಚೆನ್ನಾಗಿರುತ್ತಾನೆ, ಮತ್ತೆ ಶುರು. ಎರಡು ಸಲ ದೀಪಾವಳಿಯ ಹೊತ್ತಿಗೇ ಮರಳಿ ಕುಡಿದ. ಈಗ ನಮ್ಮ ಮನೆಯಲ್ಲಿದ್ದಾನೆ. ಹಗಲು ಗ್ಯಾರೇಜಿನಲ್ಲಿ ಒಳ್ಳೆಯ ಕೆಲಸಗಾರ, ಸಂಜೆ ಏಳಾದರೆ ಚಡಪಡಿಸುತ್ತಾನೆ. ಇಷ್ಟು ದೊಡ್ಡವನಾದರೂ ಲೈಟ್ ಹಾಕಿಕೊಂಡೇ ಮಲಗುತ್ತಾನೆ. ‘ಅಪ್ಪನ ರಕ್ತ, ಇನ್ನೇನಾಗುತ್ತದೆ’ ಎನ್ನುತ್ತಾಳೆ ಅಕ್ಕ. ಮೊದಲು ಕುಡಿತ ಬಿಡಲಿ, ಹಳೆಯದನ್ನು ಆಮೇಲೆ ನೋಡೋಣ ಎಂದು ಒಬ್ಬರು ಹೇಳಿದರೆ, ಹಳೆಯದನ್ನು ಕೆದಕಿದರೆ ಇನ್ನಷ್ಟು ಕುಡಿಯುತ್ತಾನೆ ಎಂದು ಇನ್ನೊಬ್ಬರು ಹೇಳುತ್ತಾರೆ. ನಾಲ್ಕನೆಯ ಬಾರಿ ಸೇರಿಸಬೇಕೇ?
ಒಬ್ಬ ಸೋದರಮಾವ, ಹಾಸನ ಜಿಲ್ಲೆ

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಕುಡಿತದ ಲೆಕ್ಕಕ್ಕೆ. ಎರಡನೆಯ ಸಲ, ನೀವು ಹೆಚ್ಚು ಮಹತ್ವ ಕೊಡದೆ ನಡುನಡುವೆ ಬರೆದ ನಾಲ್ಕು ಸಂಗತಿಗಳಿಗೆ: ಸಂಜೆ ಏಳು ಗಂಟೆ, ದೀಪಾವಳಿ, ಹಾಸ್ಟೆಲಿನಿಂದ ಓಡಿ ಬಂದದ್ದು, ಲೈಟ್ ಹಾಕಿಕೊಂಡು ಮಲಗುವುದು. ನನ್ನ ಕಣ್ಣಿಗೆ ನೋವಿನ ಬೇರು ಕಾಣುವುದು ಅಲ್ಲಿ. ಬಾಟಲಿ ಆ ನೋವಿಗೆ ಅವನೇ ಹುಡುಕಿಕೊಂಡ ಮದ್ದು. ಕೆಟ್ಟ ಮದ್ದು, ಅವನ ಜೀವ ತೆಗೆಯಬಲ್ಲ ಮದ್ದು. ಆದರೆ ಒಂದು ಕಾಲಕ್ಕೆ ಅವನ ಪಾಲಿಗೆ ಕೆಲಸ ಮಾಡಿದ ಮದ್ದು. ಮೂರು ಸಲವೂ ಅದನ್ನು ಕಿತ್ತುಕೊಂಡು, ಬರಿಗೈಯಲ್ಲಿ ಅವನನ್ನು ಸಂಜೆ ಏಳು ಗಂಟೆಗೆ ಮರಳಿಸಿದ್ದಾರೆ.

ಪತ್ರ ಓದಿ ರೋಗನಿರ್ಣಯ ಮಾಡಲಾಗದು. ಹುಡುಗನನ್ನು ಕಾಣದೆ ನಾನು ಹೇಳುವುದಕ್ಕೆ ಮಿತಿ ಇದೆ. ಆದರೂ ನೇರವಾಗಿ ಕೇಳಿದ್ದಕ್ಕೆ ನೇರವಾಗಿ ಹೇಳಿಯೇ ಮುಂದೆ ಹೋಗುತ್ತೇನೆ. ಮೊದಲು ಯಾವುದು, ಆಮೇಲೆ ಯಾವುದು ಎಂಬ ವಾದದಲ್ಲೇ ಅವನ ಐದಾರು ವರ್ಷ ಕಳೆದುಹೋಗಿದೆ. ಕುಡಿತಕ್ಕೂ ಹಳೆಯ ಪೆಟ್ಟಿಗೂ ಚಿಕಿತ್ಸೆ ಒಟ್ಟಿಗೇ, ಒಂದೇ ತಂಡದ ಕೈಯಲ್ಲಿ ನಡೆಯಬೇಕು. ಅದಕ್ಕಿಂತ ಮುಖ್ಯವಾಗಿ, ಬಾಲ್ಯದಲ್ಲಿ ಅವನಿಗೆ ಏನಾಯಿತೋ ಅದನ್ನು ಈ ಚಿಕಿತ್ಸೆ ಯಾವ ರೀತಿಯಲ್ಲೂ ಹೋಲಬಾರದು.

ಕೆಲವು ವರ್ಷಗಳ ಹಿಂದೆ ಒಬ್ಬ ಹುಡುಗ ನನ್ನಲ್ಲಿಗೆ ಬರುತ್ತಿದ್ದ. ಗುರುತು ಸಿಗದಂತೆ ಒಂದೆರಡು ವಿವರ ಬದಲಿಸಿ ಹೇಳುತ್ತೇನೆ. ಬಂದವನೇ ಕುರ್ಚಿಯನ್ನು ಗೋಡೆಗೆ ಒತ್ತಿ, ಬಾಗಿಲು ಕಾಣುವ ಹಾಗೆ ತಿರುಗಿಸಿಕೊಂಡು ಕೂರುತ್ತಿದ್ದ. ನಾಲ್ಕನೆಯದೋ ಐದನೆಯದೋ ಭೇಟಿಯಲ್ಲಿ ಹೊರಗೆ ಯಾರೋ ಬೈಕ್ ನಿಲ್ಲಿಸಿದರು, ಅವನ ಮಾತು ಅರ್ಧಕ್ಕೆ ನಿಂತಿತು. ನಾನು ಸುಮ್ಮನಿದ್ದೆ. ಸ್ವಲ್ಪ ಹೊತ್ತಿಗೆ ಅವನೇ ಹೇಳಿದ. ಅಪ್ಪನ ಬೈಕ್ ಮನೆ ಮುಂದೆ ನಿಂತ ಕೂಡಲೇ ಸ್ಟ್ಯಾಂಡ್ ಹಾಕುವ ಸದ್ದು ಕೇಳಿದರೆ ಆವತ್ತು ಎಲ್ಲರದೂ ಊಟ ಆಗುತ್ತದೆ. ಸದ್ದು ತಡವಾದರೆ ಸ್ಟ್ಯಾಂಡ್ ಅಪ್ಪನ ಕಾಲಿಗೆ ಸಿಗುತ್ತಿಲ್ಲ ಎಂದು ಅರ್ಥ. ಆಗ ಇವನು ಅಡುಗೆಮನೆಗೆ ಓಡಿ, ಚಾಕುವನ್ನೂ ಲಟ್ಟಣಿಗೆಯನ್ನೂ ಅಕ್ಕಿ ಡ್ರಮ್ಮಿನೊಳಗೆ ಹೂತಿಟ್ಟು, ತಂಗಿಯನ್ನು ಎಬ್ಬಿಸಿಕೊಂಡು ಹಿತ್ತಲಿಗೆ ಹೋಗುತ್ತಿದ್ದ. ಆಗ ಅವನಿಗೆ ಏಳು ವರ್ಷ. ಹದಿನಾಲ್ಕಕ್ಕೆ ಗೆಳೆಯರ ಜೊತೆ ಮೊದಲ ಸಲ ಬಿಯರ್ ಕುಡಿದ. ಆ ವಯಸ್ಸಿನ ಬೇರೆ ಹುಡುಗರನ್ನು ಕೇಳಿದರೆ ಮಜವಾಗಿತ್ತು, ತಲೆ ತಿರುಗಿತು ಎನ್ನುತ್ತಾರೆ. ಇವನು ಹೇಳಿದ್ದು ಬೇರೆ: ‘ಡಾಕ್ಟರೇ, ಆವತ್ತು ಮೊದಲ ಸಲ ನನ್ನ ಕಿವಿ ಸುಮ್ಮನಾಯಿತು.’

ಈ ಮಾತನ್ನು ನಾನು ಎಷ್ಟೋ ಸಲ ನೆನೆಸಿಕೊಂಡಿದ್ದೇನೆ. ನಮ್ಮ ಪಠ್ಯಗಳು ಅನೇಕ ಪುಟಗಳಲ್ಲಿ ವಿವರಿಸುವುದನ್ನು ಅವನು ಒಂದೇ ಸಾಲಿನಲ್ಲಿ ಹೇಳಿಬಿಟ್ಟ. ಮೆದುಳಿನ ಆಳದಲ್ಲಿ ಬಾದಾಮಿ ಆಕಾರದ ಅಮಿಗ್ಡಲಾ ಎಂಬ ಭಾಗವಿದೆ. ಅಪಾಯದ ವಾಸನೆ ಹಿಡಿಯುವುದು ಅದರ ಕೆಲಸ. ಅದು ಎಚ್ಚರಿಸಿದರೆ ಅಡ್ರಿನಲಿನ್, ಕಾರ್ಟಿಸಾಲ್ ಎಂಬ ಹಾರ್ಮೋನುಗಳು ಹರಿದು ಎದೆ ಬಡಿತ ಏರುತ್ತದೆ, ಸ್ನಾಯು ಬಿಗಿಯುತ್ತದೆ, ಕಿವಿ ನಿಮಿರುತ್ತದೆ. ಅಪಾಯ ಕಳೆದ ಮೇಲೆ ಎಲ್ಲವೂ ಇಳಿಯಬೇಕು. ವಾರಕ್ಕೆ ನಾಲ್ಕು ರಾತ್ರಿ ಅಪಾಯ ಮನೆಯೊಳಗೇ ಬರುವ ಮಗುವಿಗೆ ಅದು ಇಳಿಯುವುದೇ ಇಲ್ಲ. ಬೆಳೆಯುತ್ತಿರುವ ಮೆದುಳು ಕಾವಲು ಕಾಯುವುದನ್ನೇ ಕಲಿತು, ಹಾಗೆಯೇ ಬೆಳೆದುಬಿಡುತ್ತದೆ. ‘ಇದು ಬರಿಯ ಪಕ್ಕದ ಮನೆಯ ಬೈಕ್, ಸುಮ್ಮನಿರು’ ಎಂದು ಅದಕ್ಕೆ ತಿಳಿ ಹೇಳಬೇಕಾದ್ದು ಹಣೆಯ ಹಿಂದಿನ ಭಾಗ. ಅದು ಪೂರ್ತಿ ಬಲಿಯುವುದು ಇಪ್ಪತ್ತೈದರ ಆಸುಪಾಸಿಗೆ. ಹೀಗೆ ಹದಿಹರೆಯದಲ್ಲಿ ಕೂಗು ಹಾಕುವ ಕಾವಲುಗಾರ ಬಲವಾಗಿದ್ದಾನೆ, ಸಮಾಧಾನ ಹೇಳುವ ಹಿರಿಯ ಇನ್ನೂ ಎಳೆಯ. ಮದ್ಯ ಹತ್ತು ಹದಿನೈದು ನಿಮಿಷದಲ್ಲಿ ಆ ಕೂಗನ್ನು ಅಡಗಿಸುತ್ತದೆ. ಗಾಂಜಾ ಮಂಕು ಕವಿಸುತ್ತದೆ, ವೈಟ್ನರ್ ಕ್ಷಣಕಾಲ ಹುಡುಗನನ್ನು ಅಲ್ಲಿಂದ ಎತ್ತಿಕೊಂಡೇ ಹೋಗುತ್ತದೆ. ಎಂದೂ ನೆಮ್ಮದಿ ಕಾಣದ ದೇಹಕ್ಕೆ ಇಂಥ ಅನುಭವ ಒಮ್ಮೆ ದಕ್ಕಿದರೆ ಅದನ್ನು ಮರೆಯುವುದು ಎಷ್ಟು ಕಷ್ಟ ಎಂದು ಯೋಚಿಸಿ. ಹೋಗುತ್ತಾ ಹೋಗುತ್ತಾ ನಶೆ ಇಳಿದಾಗಿನ ನಡುಕ, ಕಳವಳ ಹಳೆಯ ಭಯದ ಜೊತೆ ಸೇರಿಕೊಳ್ಳುತ್ತವೆ, ಯಾವುದು ಯಾವುದೆಂದು ಅವನಿಗೇ ತಿಳಿಯದಂತಾಗುತ್ತದೆ. ಅಲ್ಲಿಗೆ ಚಟ ತನ್ನ ಕಾಲ ಮೇಲೆ ತಾನು ನಿಲ್ಲುತ್ತದೆ. ಆದ್ದರಿಂದಲೇ ಹಳೆಯ ಗಾಯವೊಂದನ್ನೇ ನೋಡಿಕೊಂಡರೂ ಸಾಲದು.

ಬಾಲ್ಯದ ಪೆಟ್ಟಿಗೂ ಚಟಕ್ಕೂ ಇರುವ ಈ ನಂಟನ್ನು ದೊಡ್ಡ ಸಂಖ್ಯೆಯಲ್ಲಿ ತೋರಿಸಿದ ಅಧ್ಯಯನದ ಹುಟ್ಟೇ ವಿಚಿತ್ರ. ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ಡಾ. ವಿನ್ಸೆಂಟ್ ಫೆಲಿಟ್ಟಿ ಎಂಬುವರು 1980ರ ದಶಕದಲ್ಲಿ ಬೊಜ್ಜು ಕರಗಿಸುವ ಚಿಕಿತ್ಸಾಲಯ ನಡೆಸುತ್ತಿದ್ದರು. ಚೆನ್ನಾಗಿ ತೂಕ ಇಳಿಸಿಕೊಳ್ಳುತ್ತಿದ್ದವರೇ ನಡುವೆ ಬಿಟ್ಟು ಹೋಗುತ್ತಿದ್ದರು. ಏಕೆಂದು ಒಬ್ಬೊಬ್ಬರನ್ನೇ ಕೂರಿಸಿ ಕೇಳುತ್ತಾ ಹೋದಾಗ, ಎಷ್ಟೋ ಮಂದಿ ಬಾಲ್ಯದಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಸಿಕ್ಕವರೆಂದು ತಿಳಿಯಿತು. ದಪ್ಪ ಮೈ ಅವರನ್ನು ಪರರ ಕಣ್ಣಿನಿಂದ ಮರೆಮಾಡುವ ತೆರೆಯಾಗಿತ್ತು. ವೈದ್ಯರು ಸಮಸ್ಯೆ ಎಂದುಕೊಂಡದ್ದು ರೋಗಿಗಳ ಪಾಲಿಗೆ ಪರಿಹಾರವಾಗಿತ್ತು. ಮುಂದೆ ಅವರೂ ಡಾ. ರಾಬರ್ಟ್ ಆಂಡಾ ಅವರೂ ಸೇರಿ, ಎರಡು ಹಂತಗಳಲ್ಲಿ 17 ಸಾವಿರಕ್ಕೂ ಹೆಚ್ಚು ಜನರ ಬಾಲ್ಯದ ಬಗ್ಗೆ ಕೇಳಿದರು: ಹೊಡೆತ, ಲೈಂಗಿಕ ದೌರ್ಜನ್ಯ, ತಾಯಿಯ ಮೇಲಿನ ಹಲ್ಲೆ, ಮನೆಯಲ್ಲಿ ಕುಡುಕರು, ಮಾನಸಿಕ ಕಾಯಿಲೆ ಇಂಥವು. ಮೊದಲ ಹಂತದ ವರದಿ ಬಂದದ್ದು 1998ರಲ್ಲಿ. ಇಂಥ ನಾಲ್ಕು ಅಥವಾ ಹೆಚ್ಚು ಬಗೆಯ ಅನುಭವಗಳಿದ್ದವರಲ್ಲಿ ಕುಡಿತದ ಚಟದ ಸಾಧ್ಯತೆ, ಒಂದೂ ಇಲ್ಲದವರಿಗಿಂತ ಏಳು ಪಟ್ಟಿಗೂ ಹೆಚ್ಚು. ಚುಚ್ಚುಮದ್ದಿನ ಮೂಲಕ ಮಾದಕ ವಸ್ತು ತೆಗೆದುಕೊಂಡಿರುವ ಸಾಧ್ಯತೆ ಸುಮಾರು ಹತ್ತು ಪಟ್ಟು. ಇದು ಕೊಳೆಗೇರಿಯ ಕಥೆಯಲ್ಲ. ಅವರೆಲ್ಲ ಆರೋಗ್ಯ ವಿಮೆಯಿದ್ದ, ಬಹುಪಾಲು ಕಾಲೇಜು ಮೆಟ್ಟಿಲು ಹತ್ತಿದ ಮಧ್ಯಮವರ್ಗದವರು.

ಈ ಸಂಖ್ಯೆಗಳನ್ನು ಹಿಡಿದು ನಿಮ್ಮ ಅಳಿಯನ ಜಾತಕ ಬರೆಯಬೇಡಿ. ಅವು ಗುಂಪಿನ ಲೆಕ್ಕ. ನಾಲ್ಕಲ್ಲ, ಆರು ಪೆಟ್ಟು ತಿಂದೂ ಚಟಕ್ಕೆ ಬೀಳದವರನ್ನು ನಾನು ಕಂಡಿದ್ದೇನೆ. ಅವರ ಕಥೆ ಕೇಳಿದರೆ ಒಬ್ಬ ಅಜ್ಜಿಯೋ, ಒಬ್ಬ ಮೇಷ್ಟರೋ, ಒಬ್ಬ ಸೋದರಮಾವನೋ ಹೆಚ್ಚು ಕಡಿಮೆ ಪ್ರತಿ ಸಲವೂ ಸಿಗುತ್ತಾರೆ.

ಈಗ ಅಕ್ಕನ ‘ಅಪ್ಪನ ರಕ್ತ’ದ ಮಾತು. ಅದು ಅರ್ಧ ನಿಜ, ಅಕ್ಷರಶಃ ಅರ್ಧ. ಅವಳಿ ಮಕ್ಕಳ ಅಧ್ಯಯನಗಳ ಪ್ರಕಾರ ಕುಡಿತದ ಚಟಕ್ಕೆ ಬೀಳುವ ಅಪಾಯದಲ್ಲಿ ಸುಮಾರು ಅರ್ಧ ಪಾಲು ವಂಶವಾಹಿಗಳದ್ದು. ನಮ್ಮ ನಿಮ್ಹಾನ್ಸ್‌ನಲ್ಲೇ ಡಾ. ವಿವೇಕ್ ಬೆನಗಲ್ ಮತ್ತು ಸಂಗಡಿಗರು, ಕುಡಿತದ ಚಟವಿದ್ದ ತಂದೆಯರ ಮಕ್ಕಳು ಇನ್ನೂ ಕುಡಿಯುವ ಮೊದಲೇ ಅವರ ಮೆದುಳನ್ನು ಪರೀಕ್ಷಿಸಿ, ಕೆಲವು ಭಾಗಗಳಲ್ಲಿ ವ್ಯತ್ಯಾಸ ಇರುವುದನ್ನು 2007ರಲ್ಲಿ ವರದಿ ಮಾಡಿದ್ದಾರೆ. ಆದರೆ ಉಳಿದ ಅರ್ಧದ ಮಾತೇನು? ಕೆನಡಾದ ಮಾಂಟ್ರಿಯಲ್‌ನಲ್ಲಿ ಮೈಕೆಲ್ ಮೀನಿ ಅವರ ತಂಡ ಇಲಿಗಳ ಮೇಲೆ ಮಾಡಿದ ಪ್ರಯೋಗ ನನಗೆ ಬಹಳ ಪ್ರಿಯ. ಮರಿಗಳನ್ನು ಹೆಚ್ಚು ನೆಕ್ಕಿ ಆರೈಕೆ ಮಾಡುವ ತಾಯಿ ಇಲಿಗಳಿರುತ್ತವೆ, ಕಡಿಮೆ ಮಾಡುವವೂ ಇರುತ್ತವೆ. ಹೆಚ್ಚು ನೆಕ್ಕಿಸಿಕೊಂಡ ಮರಿಗಳು ದೊಡ್ಡವಾದ ಮೇಲೂ ಅಷ್ಟಾಗಿ ಬೆಚ್ಚುವುದಿಲ್ಲ. ಇದೂ ರಕ್ತಗುಣವೇ ಇರಬಹುದಲ್ಲ ಎಂದು, ಹುಟ್ಟಿದ ಕೂಡಲೇ ಮರಿಗಳನ್ನು ಅದಲುಬದಲು ಮಾಡಿದರು. ಕಡಿಮೆ ನೆಕ್ಕುವ ತಾಯಿಯ ಮರಿ ಅಕ್ಕರೆಯ ತಾಯಿಯ ಬಳಿ ಬೆಳೆದು ನಿರಾಳವಾಗಿ ಓಡಾಡಿತು. ಇಲಿಯಿಂದ ಮನುಷ್ಯನಿಗೆ ನೇರ ಗೆರೆ ಎಳೆಯಬಾರದು, ನಿಜ. ಆದರೂ ಅಕ್ಕನಿಗೆ ಈ ಕಥೆಯನ್ನು ಹೇಳಿ. ‘ಅಪ್ಪನ ರಕ್ತ’ ಎಂಬ ಮಾತು ಹುಡುಗನ ಕಿವಿಗೆ ಬಿದ್ದಾಗಲೆಲ್ಲ, ಏನು ಮಾಡಿದರೂ ಕೊನೆಗೆ ನಾನೂ ಅವರಂತೆಯೇ ಆಗುವುದು ಎಂಬ ನಂಬಿಕೆ ಅವನಲ್ಲಿ ಗಟ್ಟಿಯಾಗುತ್ತದೆ. ಅಪ್ಪನನ್ನು ದ್ವೇಷಿಸುವ ಹುಡುಗನಿಗೆ ಇದಕ್ಕಿಂತ ದೊಡ್ಡ ಶಾಪವಿಲ್ಲ.

ಮೂರು ಸಲ ಸೇರಿಸಿದ್ದು ಏಕೆ ಫಲಿಸಲಿಲ್ಲ? ಒಂದು ಕಾರಣ ಸರಳ. ಚಟ ದೇಹದೊಳಗೆ ಎಷ್ಟಿರುತ್ತದೋ, ಸಂಜೆ ಹೊತ್ತಿನಲ್ಲಿ, ಬೀದಿಯ ತಿರುವಿನಲ್ಲಿ, ಗೆಳೆಯರ ಗುಂಪಿನಲ್ಲಿ ಅಷ್ಟೇ ಇರುತ್ತದೆ. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಸೈನಿಕರಲ್ಲಿ ಅನೇಕರು ಹೆರಾಯಿನ್ನಿಗೆ ದಾಸರಾಗಿದ್ದರು. 1971ರಲ್ಲಿ ಊರಿಗೆ ಮರಳಿದವರನ್ನು ಲೀ ರಾಬಿನ್ಸ್ ಎಂಬ ಸಂಶೋಧಕಿ ಹಿಂಬಾಲಿಸಿ ನೋಡಿದಾಗ, ಅಲ್ಲಿ ಚಟಕ್ಕೆ ಬಿದ್ದವರ ಪೈಕಿ ಮೊದಲ ವರ್ಷದಲ್ಲಿ ಮತ್ತೆ ದಾಸರಾದವರು ನೂರಕ್ಕೆ ಐವರಷ್ಟೇ. ಅವರು ಚಟ ಹತ್ತಿದ ಜಾಗವನ್ನೂ ಅದರ ಭಯವನ್ನೂ ಸಮುದ್ರದಾಚೆ ಬಿಟ್ಟು ಬಂದಿದ್ದರು. ನಿಮ್ಮ ಅಳಿಯ ಬಿಟ್ಟು ಬಂದದ್ದು ಚಿಕಿತ್ಸೆಯ ಜಾಗವನ್ನು. ಮರಳಿದ್ದು ಭಯದ ಜಾಗಕ್ಕೆ. ಈಗ ಅವನು ಅಮ್ಮನ ಮನೆ ಬಿಟ್ಟು ನಿಮ್ಮ ಮನೆಯಲ್ಲಿರುವುದು, ನೀವು ಅಂದುಕೊಂಡದ್ದಕ್ಕಿಂತ ದೊಡ್ಡ ಚಿಕಿತ್ಸೆ.

ಇನ್ನೊಂದು ಕಾರಣ ಬರೆಯುವಾಗ ನನಗೆ ನೋವಾಗುತ್ತದೆ. ಎರಡನೆಯ ಕೇಂದ್ರದಲ್ಲಿ ಹೊಡೆಯುತ್ತಿದ್ದರಂತೆ ಎಂದು ಒಂದೇ ವಾಕ್ಯದಲ್ಲಿ ಬರೆದು ಮುಂದೆ ಹೋಗಿದ್ದೀರಿ. ಒಮ್ಮೆ ಅವನ ಜಾಗದಲ್ಲಿ ನಿಂತು ನೋಡಿ. ನಡುರಾತ್ರಿ ನಾಲ್ವರು ಬಂದು ಎತ್ತಿ ವ್ಯಾನಿಗೆ ಹಾಕುತ್ತಾರೆ. ಬಾಗಿಲಿಗೆ ಹೊರಗಿನಿಂದ ಬೀಗ. ಕೂಗಿದರೆ ಹೊಡೆತ, ಅತ್ತರೆ ನಗೆ, ಎಲ್ಲರ ಮುಂದೆ ನಿಲ್ಲಿಸಿ ‘ನಾನು ಕುಡುಕ’ ಎಂದು ಹೇಳಿಸುವುದು. ಒಂಬತ್ತರ ವಯಸ್ಸಿನ ಮನೆಯೂ ಹತ್ತು ಹನ್ನೊಂದರ ಹಾಸ್ಟೆಲ್ಲೂ ಚಿಕಿತ್ಸೆಯ ಹೆಸರಿನಲ್ಲಿ ಮತ್ತೆ ಬಂದಂತಲ್ಲವೇ? ಅಂಥ ಕಡೆ ಹುಡುಗರು ಬೇಗ ಒಂದು ವಿದ್ಯೆ ಕಲಿಯುತ್ತಾರೆ: ತಲೆ ತಗ್ಗಿಸಿ, ಹೇಳಿದ್ದಕ್ಕೆಲ್ಲ ಹೂಂ ಎಂದು, ದಿನ ಎಣಿಸುವುದು. ಮನೆಯವರು ಅದನ್ನು ಸುಧಾರಣೆ ಎಂದು ತಿಳಿಯುತ್ತಾರೆ. ಕಾನೂನೂ ಇದನ್ನು ಒಪ್ಪುವುದಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯ ಮತ್ತು ಮಾದಕ ವಸ್ತುಗಳಿಂದಾದ ಮಾನಸಿಕ ಸ್ಥಿತಿಗಳನ್ನೂ ಒಳಗೊಳ್ಳುತ್ತದೆ. ಅದರ ಪ್ರಕಾರ ಇಂಥ ಕೇಂದ್ರಗಳು ನೋಂದಣಿಯಾಗಿರಬೇಕು, ರೋಗಿಯನ್ನು ಯಾವ ರೀತಿಯಲ್ಲೂ ಸರಪಳಿಯಲ್ಲಿ ಕಟ್ಟುವಂತಿಲ್ಲ, ಕ್ರೂರವಾಗಿ, ಅಮಾನವೀಯವಾಗಿ ನಡೆಸಿಕೊಳ್ಳುವಂತಿಲ್ಲ. ನಾಲ್ಕನೆಯ ಬಾರಿ ಸೇರಿಸಬೇಕೇ ಎಂದಿರಿ. ಅವನು ಒಪ್ಪಿ ನಡೆದು ಬರುವ ಆಸ್ಪತ್ರೆಗಾದರೆ ಸೇರಿಸಬಹುದು. ಎತ್ತಿಕೊಂಡು ಹೋಗುವ ಕೇಂದ್ರಕ್ಕೆ ಬೇಡವೇ ಬೇಡ.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಿಬಿಡಬೇಕು. ದಿನವೂ ಕುಡಿಯುವವನು ‘ಇವತ್ತಿನಿಂದ ಮುಟ್ಟುವುದಿಲ್ಲ’ ಎಂದು ಮನೆಯಲ್ಲೇ ಒಮ್ಮೆಲೇ ನಿಲ್ಲಿಸುವುದು ಅಪಾಯ. ಆರೆಂಟು ಗಂಟೆಗಳಲ್ಲಿ ಕೈ ನಡುಕ, ಬೆವರು ಶುರುವಾಗುತ್ತದೆ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡು ಮೂರನೆಯ ದಿನ ಕೆಲವರಿಗೆ ಸನ್ನಿ ಹಿಡಿದು, ಇಲ್ಲದ್ದು ಕಂಡು, ಎಲ್ಲಿದ್ದೇವೆಂದು ತಿಳಿಯದಂತಾಗುತ್ತದೆ. ಇದು ಪ್ರಾಣಕ್ಕೆ ಕುತ್ತು. ವೈದ್ಯರ ಕಣ್ಣೆದುರು, ನಡುಕ ತಡೆಯುವ ಮಾತ್ರೆಯನ್ನು ದಿನದಿಂದ ದಿನಕ್ಕೆ ಇಳಿಸುತ್ತಾ, ಥಯಮಿನ್ ಎಂಬ ಬಿ1 ವಿಟಮಿನ್ ಕೊಡುತ್ತಾ ಮಾಡಿದರೆ ವಾರ ಹತ್ತು ದಿನದ ಕೆಲಸ. ಪೇಪರಿನ ಜಾಹೀರಾತು ನೋಡಿ ಊಟದಲ್ಲಿ ಗುಟ್ಟಾಗಿ ಬೆರೆಸುವ ಕುಡಿತ ಬಿಡಿಸುವ ಪುಡಿಯನ್ನಂತೂ ಮನೆಯೊಳಗೆ ತರಬೇಡಿ. ಅಂಥವುಗಳಲ್ಲಿ, ಮದ್ಯದ ಜೊತೆ ಸೇರಿದರೆ ಮೈಗೆ ಆಗದ ಡೈಸಲ್ಫಿರಾಮ್ ಎಂಬ ಔಷಧವಿದ್ದರೆ, ತಿಳಿಯದೆ ಕುಡಿದವನ ರಕ್ತದೊತ್ತಡ ಕುಸಿದು ಜೀವವೇ ಹೋಗಬಹುದು. ಜೀವ ಉಳಿದರೂ, ಅನ್ನದಲ್ಲಿ ಮೋಸ ಮಾಡಿದ ಮನೆಯನ್ನು ಅವನು ಮತ್ತೆಂದೂ ನಂಬುವುದಿಲ್ಲ.

ಕೆದಕಿದರೆ ಇನ್ನಷ್ಟು ಕುಡಿಯುತ್ತಾನೆಯೇ? ಈ ಹೆದರಿಕೆ ನಮ್ಮ ವೃತ್ತಿಯಲ್ಲೂ ಬಹುಕಾಲ ಇತ್ತು. ‘ಆರು ತಿಂಗಳು ಕುಡಿಯದೆ ಇರಲಿ, ಆಮೇಲೆ ಮಾತಾಡೋಣ’ ಎನ್ನುತ್ತಿದ್ದೆವು. ಆ ಆರು ತಿಂಗಳನ್ನು ದಾಟಲು ಆಗದಿರುವುದೇ ಅವರ ಕಾಯಿಲೆ ಎಂದು ನಮಗೆ ಹೊಳೆಯುತ್ತಿರಲಿಲ್ಲ. 2012ರಲ್ಲಿ ಆಸ್ಟ್ರೇಲಿಯಾದ ಕ್ಯಾಥರಿನ್ ಮಿಲ್ಸ್ ಮತ್ತು ಸಂಗಡಿಗರು ನಶೆಯ ಚಟ, ಹಳೆಯ ಆಘಾತ ಎರಡೂ ಇದ್ದ 103 ಜನರ ಮೇಲೆ ನಡೆಸಿದ ಪ್ರಯೋಗದ ಫಲ ಪ್ರಕಟವಾಯಿತು. ಅರ್ಧದಷ್ಟು ಮಂದಿಗೆ, ಇನ್ನೂ ಮಾದಕ ವಸ್ತು ಬಳಸುತ್ತಿರುವಾಗಲೇ, ಹಳೆಯ ಆಘಾತವನ್ನು ಕ್ರಮವಾಗಿ ಎದುರಿಸುವ ಚಿಕಿತ್ಸೆಯನ್ನೂ ಸೇರಿಸಿ ಕೊಟ್ಟರು. ಅವರಲ್ಲಿ ಆಘಾತದ ಲಕ್ಷಣಗಳು ಹೆಚ್ಚು ಇಳಿದವು, ನಶೆಯ ಬಳಕೆ ಏರಲಿಲ್ಲ.

ಆದರೆ ಇಲ್ಲಿ ‘ಕ್ರಮವಾಗಿ’ ಎಂಬ ಮಾತಿಗೆ ತೂಕವಿದೆ. ಸಂಜೆ ಜಗಲಿಯಲ್ಲಿ ಕೂರಿಸಿಕೊಂಡು ‘ಹಾಸ್ಟೆಲಿನಲ್ಲಿ ಏನಾಯಿತು ಹೇಳು’ ಎಂದು ಕೇಳುವುದು ಚಿಕಿತ್ಸೆಯಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದ ಕಾಲದಲ್ಲಿ ಈ ತಪ್ಪನ್ನು ನಾನೇ ಮಾಡಿದ್ದೇನೆ. ಹದಿನೇಳರ ಹುಡುಗನೊಬ್ಬನನ್ನು ಮೊದಲ ದಿನವೇ, ಬಾಗಿಲು ಮುಚ್ಚಿದ ಕೋಣೆಯಲ್ಲಿ, ಒಂದಾದ ಮೇಲೊಂದು ಪ್ರಶ್ನೆ ಕೇಳಿದೆ. ಅವನು ಎಲ್ಲವನ್ನೂ ಹೇಳಿದ, ಅತ್ತ, ಹೋದ. ಅವತ್ತು ನಾನು ದೊಡ್ಡ ಕೆಲಸ ಮಾಡಿದೆನೆಂದು ಭಾವಿಸಿದೆ. ಅವನು ಮತ್ತೆ ಬರಲಿಲ್ಲ. ಹೇಳಿಕೊಂಡ ಮೇಲೆ ಆ ರಾತ್ರಿಯನ್ನು ಹೇಗೆ ಕಳೆಯಬೇಕೆಂದು ನಾನು ಅವನಿಗೆ ಕಲಿಸಿರಲಿಲ್ಲ. ಈಗ ಆ ಕಲಿಕೆಯೇ ಮೊದಲು. ಎದೆ ಬಡಿತ ಏರಿದಾಗ ಉಸಿರನ್ನು ಎಳೆದುಕೊಳ್ಳುವುದಕ್ಕಿಂತ ನಿಧಾನವಾಗಿ ಬಿಡುವುದು, ಮುಖಕ್ಕೆ ತಣ್ಣೀರು, ಕಾಲಡಿಯ ನೆಲವನ್ನು ಒತ್ತಿ ನಿಂತು ಕಣ್ಣಿಗೆ ಕಾಣುವ ಐದು ವಸ್ತುಗಳ ಹೆಸರು ಹೇಳುವುದು. ಬೈಕಿನ ಸದ್ದಿಗೆ ಬೆಚ್ಚುತ್ತಿದ್ದ ಆ ಹುಡುಗ ತನ್ನದೇ ಒಂದು ಸಾಲು ಕಟ್ಟಿಕೊಂಡಿದ್ದ: ‘ಇದು ನನ್ನ ರೂಮು, ಚಿಲಕ ಒಳಗಿದೆ, ನನ್ನ ಕೈಯಲ್ಲಿದೆ.’ ಇವು ಕೈವಶವಾದ ಮೇಲೆ, ತರಬೇತಿ ಪಡೆದ ಮನಃಶಾಸ್ತ್ರಜ್ಞರ ಜೊತೆ, ಎಷ್ಟು ಹೇಳಬೇಕು, ಎಲ್ಲಿ ನಿಲ್ಲಿಸಬೇಕು ಎಂಬ ಹಿಡಿತ ಅವನಲ್ಲೇ ಇರುವಂತೆ, ಆ ನೆನಪುಗಳ ಬಳಿ ಹೋಗುವುದು. ಆಘಾತದಿಂದ ಬೆಳೆದ ಯೋಚನೆ, ನಡವಳಿಕೆಗಳನ್ನು ತಿದ್ದುವ ಆಘಾತ ಕೇಂದ್ರಿತ ಅರಿವಿನ ವರ್ತನಾ ಚಿಕಿತ್ಸೆ, ಆ ನೆನಪನ್ನು ಮನಸ್ಸಿಗೆ ತಂದುಕೊಂಡು ಕಣ್ಣನ್ನು ಅತ್ತಿತ್ತ ಆಡಿಸುವ ಇ.ಎಂ.ಡಿ.ಆರ್. ಎಂಬ ಪದ್ಧತಿಗಳಿವೆ, ಎರಡನ್ನೂ ವಿಶ್ವ ಆರೋಗ್ಯ ಸಂಸ್ಥೆ 2013ರಿಂದ ಶಿಫಾರಸು ಮಾಡುತ್ತಿದೆ. ತಿಂಗಳುಗಳೇ ಹಿಡಿಯಬಹುದು.

ಹಾಸ್ಟೆಲಿನಲ್ಲಿ ಏನಾಯಿತೆಂದು ನಾನು ಊಹಿಸಲಾರೆ, ನೀವೂ ಊಹಿಸಬೇಡಿ. ಆದರೆ ಒಂದು ಸಂಗತಿ ನಿಮಗೆ ತಿಳಿದಿರಲಿ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳ 12,447 ಮಕ್ಕಳನ್ನು ಕೇಳಿ 2007ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಅರ್ಧಕ್ಕೂ ಹೆಚ್ಚು ಮಕ್ಕಳು ಯಾವುದಾದರೂ ಬಗೆಯ ಲೈಂಗಿಕ ದೌರ್ಜನ್ಯವನ್ನು ಹೇಳಿಕೊಂಡಿದ್ದರು. ಅವರಲ್ಲಿ ಗಂಡುಮಕ್ಕಳ ಸಂಖ್ಯೆ ಹೆಣ್ಣುಮಕ್ಕಳಿಗಿಂತ ತುಸು ಹೆಚ್ಚೇ ಇತ್ತು. ಹೆಣ್ಣುಮಗಳಿಗಾದರೆ ಯಾರಾದರೂ ಅನುಮಾನಪಟ್ಟು ಕೇಳಿಯಾರು. ಗಂಡುಮಗುವನ್ನು ಕೇಳುವವರೇ ಇಲ್ಲ. ಎಂದಾದರೂ ಅವನಾಗಿಯೇ ಬಾಯಿ ಬಿಟ್ಟರೆ ‘ಆಗಲೇ ಏಕೆ ಹೇಳಲಿಲ್ಲ’ ಎಂದು ಮಾತ್ರ ಕೇಳಬೇಡಿ. ‘ಹೇಳಿದ್ದು ಒಳ್ಳೆಯದಾಯಿತು, ತಪ್ಪು ನಿನ್ನದಲ್ಲ’ ಎಂದರೆ ಸಾಕು. ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಿಳಿದವರು ಪೊಲೀಸರಿಗೆ ತಿಳಿಸಬೇಕೆಂದು 2012ರ ಪೋಕ್ಸೊ ಕಾಯ್ದೆ ಹೇಳುತ್ತದೆ, ವೈದ್ಯರಿಗೂ ಅದು ಅನ್ವಯ. ಒಳ್ಳೆಯ ಚಿಕಿತ್ಸಕರು ಇದನ್ನು ಅವನಿಗೆ ಮೊದಲೇ ತಿಳಿಸಿ, ಆಮೇಲೆ ಮಾತಿಗೆ ಕೂರುತ್ತಾರೆ. ಆ ದಾರಿಯನ್ನು ಅವರ ಜೊತೆಗೂಡಿಯೇ ನಡೆಯಿರಿ.

ಎಲ್ಲಿಗೆ ಹೋಗುವುದು? ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗದಲ್ಲಿ ಆರಂಭಿಸಿ. ಅಲ್ಲಿಂದ ಅಗತ್ಯವೆನಿಸಿದರೆ ಬೆಂಗಳೂರಿನ ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿರುವ ವ್ಯಸನ ಚಿಕಿತ್ಸಾ ಕೇಂದ್ರಕ್ಕೆ ಹೋಗಬಹುದು. ಉತ್ತರ ಕರ್ನಾಟಕದ ಓದುಗರಿಗೆ ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ರಾತ್ರಿ ಹೊತ್ತಿನಲ್ಲಿ ಏನು ಮಾಡಬೇಕೆಂದು ತೋಚದಿದ್ದರೆ 14416ಕ್ಕೆ ಕರೆ ಮಾಡಿ. ಅದು ಟೆಲಿಮನಸ್ ಸಹಾಯವಾಣಿ, ಕನ್ನಡದಲ್ಲೇ ಮಾತನಾಡುತ್ತಾರೆ, ಹಣ ಬೇಕಿಲ್ಲ. ಗಾಂಜಾ ಸೇದಿದವನೆಂದು ಪೊಲೀಸರ ಭಯ ಬೇಡ, ವೈದ್ಯರ ಮುಂದೆ ಅದನ್ನೂ ಮುಚ್ಚಿಡದೆ ಹೇಳಿ. ಮೊದಲ ಭೇಟಿಯಲ್ಲಿ ಎಷ್ಟು ಕುಡಿಯುತ್ತಾನೆ ಎಂಬುದರ ಜೊತೆಗೆ ಆ ನಾಲ್ಕು ಸಂಗತಿಗಳನ್ನೂ ಹೇಳಿ. ಆದರೆ ಅವನ ಮುಂದೆ, ಅವನ ಒಪ್ಪಿಗೆ ಪಡೆದು. ಹೊರಗೆ ಕರೆದು ಪಿಸುಗುಟ್ಟಬೇಡಿ. ನಿದ್ದೆಗೆಂದು ಮೆಡಿಕಲ್ ಶಾಪಿನಿಂದ ಆಲ್ಪ್ರಜೋಲಾಮ್ ತಂದುಕೊಡಬೇಡಿ, ಅದೇ ಇನ್ನೊಂದು ಚಟವಾಗುತ್ತದೆ. ಕೆಟ್ಟ ಕನಸುಗಳಿಗೆ ಬೇರೆ ಔಷಧಗಳಿವೆ, ಕುಡಿಯಬೇಕೆಂಬ ತುಡಿತ ತಗ್ಗಿಸಲು ನ್ಯಾಲ್ಟ್ರೆಕ್ಸೋನ್‌ನಂಥವು ಇವೆ. ವೈದ್ಯರು ನೋಡಿ ಕೊಡುತ್ತಾರೆ. ಕುಡಿತ ಬಿಡುತ್ತಿರುವವರು ಒಬ್ಬರಿಗೊಬ್ಬರು ಆಸರೆಯಾಗುವ ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗಳು ಕನ್ನಡದಲ್ಲೂ ನಡೆಯುತ್ತವೆ. ಅವನಿಗೆ ಇಷ್ಟವಾದರೆ ಹೋಗಲಿ, ಎಳೆದುಕೊಂಡು ಹೋಗುವುದು ಬೇಡ.

‘ಬದುಕು ಸಾಕಾಗಿದೆ ಎನ್ನಿಸುತ್ತದೆಯೇ, ಸಾಯುವ ಯೋಚನೆ ಬಂದಿದೆಯೇ’ ಎಂದು ಅವನನ್ನು ಕೇಳಲು ಹೆದರಬೇಡಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಎಂದರೆ ಒಂಟಿಯಾಗಿ ಬಿಡದೆ ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ, ತೋಟದ ಔಷಧಿ ಡಬ್ಬಗಳನ್ನು ಬೀಗದೊಳಗೆ ಇಡಿ.

ಮನೆಯ ಮಟ್ಟಿಗೆ, ಸಂಜೆ ಏಳನ್ನು ಹಿಡಿಯಿರಿ. ಬಹುಶಃ ಅವನ ಅಪ್ಪ ಮನೆಗೆ ಬರುತ್ತಿದ್ದ ಹೊತ್ತು ಅದು, ಅಕ್ಕನನ್ನು ಕೇಳಿ ನೋಡಿ. ಆರೂವರೆಗೆ ಹೊಟ್ಟೆ ತುಂಬ ಏನಾದರೂ ತಿನ್ನಲಿ; ಹಸಿವು ತುಡಿತವನ್ನು ಹೆಚ್ಚಿಸುತ್ತದೆ. ಆಮೇಲೆ ಒಂದೂವರೆ ಗಂಟೆ ಕೈಗೆ ಕೆಲಸವಿರಲಿ. ಗ್ಯಾರೇಜಿನವನು, ನಿಮ್ಮ ಹಳೆಯ ಪಂಪ್‌ಸೆಟ್ ಬಿಚ್ಚಿ ಜೋಡಿಸಲಿ, ನೀವು ಪಕ್ಕದಲ್ಲಿ ಟಾರ್ಚ್ ಹಿಡಿದು ಕುಳಿತಿರಿ. ಮಾತು ಬೇಕಿಲ್ಲ. ಕುಡಿತದ ತುಡಿತ ಅಲೆಯಂತೆ ಏರಿ, ಹೆಚ್ಚಿನ ಸಲ ಅರ್ಧ ಗಂಟೆಯೊಳಗೆ ತಾನಾಗಿ ಇಳಿಯುತ್ತದೆ. ಆ ಅರ್ಧ ಗಂಟೆಯನ್ನು ಒಬ್ಬನೇ ಕಳೆಯದಿದ್ದರೆ ಆಯಿತು. ಮನೆಯಲ್ಲಿ ಯಾರೂ ಪಾತ್ರೆ ಕುಕ್ಕಬೇಡಿ, ಬಾಗಿಲು ಬಡಿಯಬೇಡಿ, ಹಿಂದಿನಿಂದ ಬಂದು ಹೆಗಲ ಮೇಲೆ ಕೈ ಹಾಕಬೇಡಿ.

ದೀಪಾವಳಿಗೆ ಈಗಿನಿಂದಲೇ ಸಿದ್ಧರಾಗಿ. ಪಟಾಕಿ ಸದ್ದು, ಅಪ್ಪನ ತಿಥಿ, ಊರಿಗೆ ಊರೇ ಕುಡಿಯುವ ಹೊತ್ತು, ಮೂರೂ ಒಟ್ಟಿಗೆ ಬರುತ್ತವೆ. ಎರಡು ಸಲ ಅದೇ ದಿನಗಳಲ್ಲಿ ಜಾರಿದ್ದು ಆಕಸ್ಮಿಕವೆಂದು ನನಗೆ ಅನ್ನಿಸುವುದಿಲ್ಲ. ಮನಸ್ಸು ಮರೆತರೂ ದೇಹ ತಾರೀಖು ಮರೆಯುವುದಿಲ್ಲ. ಆ ಮೂರು ದಿನ ಅವನನ್ನು ಊರಿನಿಂದಾಚೆ ಎಲ್ಲಿಗಾದರೂ ಕರೆದುಕೊಂಡು ಹೋಗಿ. ತಿಥಿ ಮಾಡಬೇಕೋ ಬೇಡವೋ ಎಂಬುದನ್ನು ಅವನಿಗೇ ಬಿಡಿ. ಹೊಡೆದ ಅಪ್ಪನ ಮೇಲೆ ಸಿಟ್ಟೂ, ಸತ್ತ ಅಪ್ಪನಿಗಾಗಿ ಅಳುವೂ ಒಂದೇ ಎದೆಯಲ್ಲಿರುತ್ತವೆ. ‘ಎಷ್ಟಾದರೂ ಅಪ್ಪ’ ಎಂದೂ ಹೇಳಬೇಡಿ, ‘ಅಂಥವನಿಗೆ ತಿಥಿ ಬೇರೆ ಕೇಡು’ ಎಂದೂ ಹೇಳಬೇಡಿ.

ನಡುವೆ ಒಂದು ದಿನ ಕುಡಿದು ಬರುತ್ತಾನೆ. ಬರುತ್ತಾನೆಂದೇ ಎಣಿಸಿ. ಆ ರಾತ್ರಿ ಬೈಗುಳವೂ ಬೇಡ, ಉಪದೇಶವೂ ಬೇಡ. ನೀರು ಕೊಟ್ಟು, ಮಗ್ಗುಲಾಗಿ ಮಲಗಿಸಿ. ಮರುದಿನ ಬೆಳಿಗ್ಗೆ ಕಾಫಿ ಕೊಟ್ಟು ‘ನಿನ್ನೆ ಎಷ್ಟು ಹೊತ್ತಿಗೆ ಅನ್ನಿಸಿತು, ಅದಕ್ಕೆ ಮೊದಲು ಏನಾಯಿತು’ ಎಂದು ಕೇಳಿ, ಅವನು ಹೇಳಿದ್ದನ್ನು ಒಂದು ಡೈರಿಯಲ್ಲಿ ಬರೆದಿಡಿ. ನಾಲ್ಕಾರು ತಿಂಗಳಲ್ಲಿ ಆ ಡೈರಿ ಚಿಕಿತ್ಸಕರಿಗೆ ಯಾವ ಸ್ಕ್ಯಾನಿಂಗಿಗಿಂತಲೂ ಹೆಚ್ಚು ಹೇಳುತ್ತದೆ. ಹಾಗೆಂದು ಕೇಳಿದಾಗಲೆಲ್ಲ ದುಡ್ಡು ಕೊಡಬೇಕಿಲ್ಲ, ಮನೆಯಲ್ಲಿ ಕೈ ಎತ್ತಿದರೆ ಸಹಿಸಬೇಕಿಲ್ಲ. ಗಟ್ಟಿಯಾದ ನಿಯಮಗಳು ಇಂಥ ಹುಡುಗರಿಗೆ ಹಿತವೇ, ಏಕೆಂದರೆ ಅವರು ಬೆಳೆದ ಮನೆಯಲ್ಲಿ ಯಾವುದಕ್ಕೂ ನಿಯಮವಿರಲಿಲ್ಲ. ನಿಯಮವನ್ನು ಕೂಗದೆ ಹೇಳಿ, ಹೇಳಿದಂತೆ ನಡೆದುಕೊಳ್ಳಿ.

ಅಕ್ಕನನ್ನೂ ಒಂದು ದಿನ ವೈದ್ಯರ ಬಳಿ ಕರೆದುಕೊಂಡು ಹೋಗಿ. ಆ ಮನೆಯಲ್ಲಿ ಹೊಡೆತ ತಿಂದವರು ಇಬ್ಬರು. ಚಿಕಿತ್ಸೆಯ ಮಾತು ಬಂದದ್ದು ಒಬ್ಬರಿಗೆ ಮಾತ್ರ. ಮಗನ ಕೈ ನಡುಗುವುದು ಕಂಡಾಗ ಅವರಿಗೆ ಗಂಡನೇ ಕಾಣುತ್ತಿರಬೇಕು.

ಇನ್ನು ಆ ಲೈಟ್. ಕರೆಂಟ್ ಬಿಲ್ಲಿಗೋ, ‘ಇಷ್ಟು ದೊಡ್ಡವನಾಗಿ ನಾಚಿಕೆಯಾಗುವುದಿಲ್ಲವೇ’ ಎಂದೋ ಅದನ್ನು ಯಾರೂ ಆರಿಸಬೇಡಿ. ಹಾಸನದ ಮಳೆಗಾಲದಲ್ಲಿ ರಾತ್ರಿ ಕರೆಂಟ್ ಹೋಗುವುದು ಹೊಸದಲ್ಲ. ನಾಳೆ ಪೇಟೆಗೆ ಹೋದಾಗ ಚಾರ್ಜ್ ಮಾಡುವ ದೀಪವೊಂದನ್ನು ತಂದು, ಏನೂ ಹೇಳದೆ, ಅವನ ಹಾಸಿಗೆಯ ಪಕ್ಕ, ಕೈಗೆ ಎಟಕುವಲ್ಲಿ ಇಡಿ. ಆರಿಸುವ ದಿನವನ್ನು ಅವನೇ ಗೊತ್ತುಮಾಡಿಕೊಳ್ಳಲಿ.